ಗುಂಡು ಬಿಡಿಸು ತಂದೆಯೇ

ಹೇಮಾಕ್ಷಿಯನ್ನು ಬೈಯಬೇಕು ಅನ್ನಿಸಿದರೆ ನಾನು ಕಣ್ಣು ಮುಚ್ಚಿ ಕೈ ಜೋಡಿಸುತ್ತೇನೆ. ಅವಳೂ ಹಾಗೆಯೇ. ನಮ್ಮಿಬ್ಬರ ಮಾತು ನಿಂತು ಎಷ್ಟೋ ವರ್ಷವಾಯಿತು, ಪ್ರಾರ್ಥನೆ ಮಾತ್ರ ಒಂದು ವಾರವೂ ತಪ್ಪಿದ್ದಿಲ್ಲ.

ಹೇಮಾಕ್ಷಿ ನನ್ನ ನಾದಿನಿ, ನನ್ನ ಗಂಡ ಧನರಾಜರ ಒಬ್ಬಳೇ ತಂಗಿ. ಮದುವೆಯಾಗಲಿಲ್ಲ. ಶಾಲೆಯಲ್ಲಿ ಕನ್ನಡ ಟೀಚರ್ ಆಗಿದ್ದು ನಿವೃತ್ತಳಾಗಿ ಪೇಟೆಯ ಆ ತುದಿಯ ಕುಲಶೇಖರದ ಒಂದು ಫ್ಲ್ಯಾಟಿನಲ್ಲಿ ಒಬ್ಬಳೇ ಇದ್ದಾಳೆ. ನಾನು ರೊಸಾಲಿನ್, ಈ ತುದಿಯ ಜೆಪ್ಪುವಿನವಳು. ನಮ್ಮ ಜಗಳ ಒಂದು ಕಡೆಯುವ ಕಲ್ಲಿನದ್ದು, ಅಂದರೆ ಮಸಾಲೆ ರುಬ್ಬುವ ಒರಳಿನದ್ದು. ನಗಬೇಡಿ. ನನ್ನ ಅತ್ತೆ ಆ ಕಲ್ಲಿನಲ್ಲಿ ಮಸಾಲೆ ಕಡೆದು ಮಾಡುತ್ತಿದ್ದ ಬಂಗುಡೆ ಸಾರು ಉಂಡವರು ಯಾರೂ ನಗುವುದಿಲ್ಲ.

ಅತ್ತೆ ಬಹಳ ಒಳ್ಳೆಯ ಹೆಂಗಸು, ಆದರೆ ಎದುರಿಗೆ ಕೂತವರಿಗೆ ಇಲ್ಲ ಅನ್ನಲು ಬರುತ್ತಿರಲಿಲ್ಲ. "ಕಲ್ಲು ನಿನಗೆ" ಎಂದು ನನಗೂ ಹೇಳಿದ್ದರು, ಅವಳಿಗೂ ಹೇಳಿದ್ದರು. ಅವರು ತೀರಿಕೊಂಡ ಮೇಲೆ ಸಾಮಾನು ಹಂಚುವ ದಿನ ನಾನು ಕಲ್ಲು ಸಾಗಿಸಲು ಟೆಂಪೊ ಕರೆಯಲು ಹೋದೆ. ಬರುವಷ್ಟರಲ್ಲಿ ಈ ಮಹಾರಾಯ್ತಿ ಕಲ್ಲಿನ ಮೇಲಿನ ಗುಂಡನ್ನು ತೆಗೆದು ಚೀಲಕ್ಕೆ ಹಾಕಿಕೊಂಡು ನಡೆದೇ ಬಿಟ್ಟಿದ್ದಳು. ಕೆಳಗಿನ ಕಲ್ಲು ಅವಳಿಗೆ ಎತ್ತಲಾಗಲಿಲ್ಲ, ಅದಕ್ಕೆ ಬಿಟ್ಟಳು. ಅಂದಿನಿಂದ ಹೊಂಡವಿರುವ ಕಲ್ಲು ನನ್ನ ಜಗಲಿಯಲ್ಲಿ, ಅದರೊಳಗೆ ತಿರುಗಬೇಕಾದ ಗುಂಡು ಅವಳ ಅಡುಗೆಮನೆಯಲ್ಲಿ. ನನ್ನ ಕಲ್ಲಿನಲ್ಲಿ ಕಾಗೆ ನೀರು ಕುಡಿಯುತ್ತದೆ. ಅವಳ ಗುಂಡು ಗಾಳಿಗೆ ಬಾಗಿಲು ಬಡಿಯದಂತೆ ಅಡ್ಡ ಕೂತಿದೆ. ಇಬ್ಬರೂ ಮಸಾಲೆಗೆ ಮಿಕ್ಸಿ ಹಾಕುತ್ತೇವೆ, ಆ ಸಾರು ಯಾರಿಗೂ ಬೇಡ.

ಧನರಾಜ್ ಬದುಕಿರುವ ತನಕ ಅವರೇ ನಮ್ಮ ನಡುವೆ ಸುದ್ದಿ ಹೊರುತ್ತಿದ್ದರು. ಅವರು ಹೋದ ಮೇಲೆ ನಮಗೆ ಉಳಿದದ್ದು ಶುಕ್ರವಾರ ಸಂಜೆಯ ಮನೆ ಪ್ರಾರ್ಥನೆ ಒಂದೇ. ನಮ್ಮ ಚರ್ಚಿನ ಸಭೆಯ ಹತ್ತಾರು ಮಂದಿ ವಾರಕ್ಕೊಬ್ಬರ ಮನೆಯಲ್ಲಿ ಸೇರಿ ಹಾಡುತ್ತೇವೆ, ವಚನ ಓದುತ್ತೇವೆ, ಒಬ್ಬೊಬ್ಬರಾಗಿ ಬಾಯಿಬಿಟ್ಟು ಪ್ರಾರ್ಥಿಸುತ್ತೇವೆ, ಆಮೇಲೆ ಗೋಳಿಬಜೆ, ಚಹಾ. ನಮಗೆ ಜಗಳ ಬರುವುದು ತುಳುವಿನಲ್ಲಿ, ಪ್ರಾರ್ಥನೆ ಬರುವುದು ಕನ್ನಡದಲ್ಲಿ. ಹಾಗಾಗಿ ಜಗಳವನ್ನು ಮೊದಲು ಕನ್ನಡಕ್ಕೆ ತಿರುಗಿಸಿ, ಮುಂದೆ 'ತಂದೆಯೇ' ಸೇರಿಸಬೇಕು. ಒಂದು ಅನುಕೂಲ ಏನೆಂದರೆ, ಪ್ರಾರ್ಥನೆ ಮಾಡುವವರ ಬಾಯಿಗೆ ಯಾರೂ ಅಡ್ಡ ಬರುವ ಹಾಗಿಲ್ಲ. ಆಮೆನ್ ಬರುವ ತನಕ ಎದುರಾಳಿ ತಲೆ ತಗ್ಗಿಸಿಯೇ ಕೂತಿರಬೇಕು.

ಬೈಬಲಿನಲ್ಲಿ ಕಲ್ಲಿನ ವಚನಗಳಿಗೇನು ಬರಗಾಲವೇ? ಧರ್ಮೋಪದೇಶಕಾಂಡದ ಇಪ್ಪತ್ತನಾಲ್ಕನೆಯ ಅಧ್ಯಾಯ, ಆರನೆಯ ವಚನ ನನ್ನದು. ಬೀಸುವ ಕಲ್ಲಿನ ಮೇಲಿನ ಕಲ್ಲನ್ನು ಯಾರೂ ಒತ್ತೆಯಾಗಿ ಇಟ್ಟುಕೊಳ್ಳಬಾರದು, ಅದು ಒಬ್ಬರ ಜೀವವನ್ನೇ ಒತ್ತೆ ಇಟ್ಟುಕೊಂಡ ಹಾಗೆ ಎಂದು ಅಲ್ಲಿದೆ. "ತಂದೆಯೇ, ನಿನ್ನ ಧರ್ಮಶಾಸ್ತ್ರವನ್ನು ಮಕ್ಕಳಿಗೆ ಪಾಠ ಮಾಡಿದವರೇ ಅದನ್ನು ಮರೆತರೆ ನೀನೇ ನೆನಪಿಸು" ಎಂದು ನಾನು ಬೇಡಿಕೊಂಡರೆ, ಹೇಮಾಕ್ಷಿ ಮತ್ತಾಯನ ಸುವಾರ್ತೆಗೆ ಹಾರುತ್ತಿದ್ದಳು. "ತಂದೆಯೇ, ಚಿಕ್ಕವರನ್ನು ನೋಯಿಸುವವರ ಕೊರಳಿಗೆ ಕಲ್ಲು ಕಟ್ಟಿ ಸಮುದ್ರಕ್ಕೆ ಹಾಕುವುದು ಲೇಸೆಂದು ನಿನ್ನ ಮಗ ಹೇಳಿದ್ದಾನೆ. ಅಂಥ ದೊಡ್ಡ ಕಲ್ಲು ಯಾರ ಜಗಲಿಯಲ್ಲಿ ಉಂಟೆಂದು ನಿನಗೆ ಗೊತ್ತುಂಟು." ಅದಕ್ಕೆ ನಾನು ನ್ಯಾಯಸ್ಥಾಪಕರ ಕಾಲದ ಅಬೀಮೆಲೆಕನನ್ನು ಎಳೆದು ತರುತ್ತಿದ್ದೆ. ಗೋಪುರದ ಮೇಲಿಂದ ಒಬ್ಬ ಹೆಂಗಸು ಮೇಲಿನ ಕಲ್ಲನ್ನು ಎಸೆದು ಅವನ ತಲೆಬುರುಡೆ ಒಡೆದಳಲ್ಲ, ಅಂಥ ಹೆಂಗಸರಿಂದ ಸಭೆಯನ್ನು ಕಾಪಾಡು ಅಂತ. ಬೈಬಲಿನದ್ದು ಬೀಸುವ ಕಲ್ಲು, ನಮ್ಮದು ಕಡೆಯುವ ಕಲ್ಲು. ಆ ವ್ಯತ್ಯಾಸ ದೇವರು ಸುಧಾರಿಸಿಕೊಳ್ಳುತ್ತಾನೆ.

ಜಗಳ ಎಂದರೂ ಅದರಲ್ಲಿ ಸುದ್ದಿಯೂ ಇರುತ್ತಿತ್ತು. ಅವಳಿಗೆ ಕಣ್ಣಿನ ಪೊರೆ ತೆಗೆದದ್ದು, ನನ್ನ ಮೊಣಕಾಲು ಹಿಡಿದದ್ದು, ಅವಳ ಮನೆಯ ನಲ್ಲಿ ಸೋರಿದ್ದು, ಎಲ್ಲವೂ ದೇವರ ಮೂಲಕವೇ ನಮಗೆ ಪರಸ್ಪರ ಗೊತ್ತಾದದ್ದು. ಅದನ್ನು ಯಾರು ಒಪ್ಪಿಕೊಳ್ಳುತ್ತಾರೆ?

ಎಲ್ಲ ಚೆನ್ನಾಗಿಯೇ ನಡೆಯುತ್ತಿತ್ತು. ಈ ವರ್ಷ ನಮ್ಮ ಸಭೆಗೆ ಹೊಸ ಅಯ್ಯನವರು, ಅಂದರೆ ಪಾದ್ರಿಗಳು, ಬಂದರು. ಹೆಸರು ಅಮೃತ್, ಹುಬ್ಬಳ್ಳಿ ಕಡೆಯವರು, ಬಹಳ ಚಿಕ್ಕ ಪ್ರಾಯ, ಬಹಳ ಶ್ರದ್ಧೆ. ಅವರು ಕೂತ ಮೊದಲ ಶುಕ್ರವಾರದ ಕೂಟದಲ್ಲಿಯೇ ನಾನು ಎಂದಿನಂತೆ ಮನಕರಗಿ ಪ್ರಾರ್ಥಿಸಿದೆ.

"ತಂದೆಯೇ, ನಮ್ಮ ಹೇಮಾಕ್ಷಿಯನ್ನು ನೋಡು. ಒಬ್ಬಳೇ ಇದ್ದಾಳೆ. ಆ ಗುಂಡನ್ನು ಅಪ್ಪಿ ಹಿಡಿದುಕೊಂಡು ಎಷ್ಟು ವರ್ಷ ಆಯಿತು? ಗುಂಡಿನಿಂದಲೇ ಕುಟುಂಬ ಒಡೆಯಿತು. ಅವಳ ಕೈಯಿಂದ ಆ ಗುಂಡು ಬಿಡಿಸು ತಂದೆಯೇ!"

ಕೂತವರೆಲ್ಲ ಕರಾವಳಿಯವರು, ಕಲ್ಲಿನ ಕಥೆ ಬಲ್ಲವರು, ಆಮೆನ್ ಎಂದರು. ಅಯ್ಯನವರು ಮಾತ್ರ ಕಣ್ಣೀರು ಒರೆಸಿಕೊಂಡರು. ಅವರ ಊರಿನಲ್ಲಿ ಗುಂಡು ಎಂದರೆ ಬಾಟಲಿಯಿಂದ ಗ್ಲಾಸಿಗೆ ಹಾಕುವಂಥದ್ದು.

ಮರುದಿನ ಬೆಳಿಗ್ಗೆಯೇ ಕುಲಶೇಖರಕ್ಕೆ ಹೋದರಂತೆ. ಹೇಮಾಕ್ಷಿಯ ಫ್ಲ್ಯಾಟಿನ ಎದುರು ಬಾಗಿಲಿನಲ್ಲಿ ನಮ್ಮ ಸಭೆಯ ಗುಲಾಬಿ ಇದ್ದಾಳೆ. ಬಾಗಿಲು ತೆರೆದು ಗುಡಿಸುವ ನೆಪದಲ್ಲಿ ಎಲ್ಲ ಕೇಳಿಸಿಕೊಂಡು ಬಂದು ನನಗೆ ಆಡಿ ತೋರಿಸಿದ್ದು ಅವಳೇ.

"ಅಕ್ಕಾರ, ಗುಂಡು ಬಿಡೂದು ಕಷ್ಟ ಐತ್ರೀ, ನನಗ ಗೊತ್ತೈತಿ," ಅಂದರಂತೆ ಅಯ್ಯನವರು. "ಒಮ್ಮಿಗೇ ಆಗೂದಿಲ್ಲ. ದಿನಾ ಸ್ವಲ್ಪ ಸ್ವಲ್ಪ ಕಡಿಮಿ ಮಾಡ್ರಿ."

"ಸ್ವಲ್ಪ ಸ್ವಲ್ಪ ಹೇಗೆ ಕಡಿಮೆ ಮಾಡುವುದು? ಒಡೆಯುವುದಾ?" ಅಂದಳಂತೆ ಹೇಮಾಕ್ಷಿ.

"ಒಡದುಬಿಡ್ರಿ! ಅದೇ ಧೈರ್ಯ ಬೇಕಾಗಿರೂದು. ಮನ್ಯಾಗ ಎಷ್ಟ್ ಐತಿ?"

"ಒಂದೇ ಉಂಟು. ಅಮ್ಮನ ಕಾಲದ್ದು. ಅಮ್ಮ ದಿನಾ ಬೆಳಿಗ್ಗೆ ಹಿಡಿದು ಕೂತರೆ ಮಧ್ಯಾಹ್ನಕ್ಕೇ ಏಳುವುದು."

ಅಯ್ಯನವರು ಪಾಪ, ತಾಯಿಗೂ ಈ ಚಟ ಇತ್ತೇ ಎಂದು ಮರುಗಿ, ದ್ರಾಕ್ಷಾರಸ ಕುಡಿದು ಡೇರೆಯಲ್ಲಿ ಮೈಮರೆತು ಬಿದ್ದ ನೋಹನ ಕಥೆ ಓದಿ, ಕುಡಿತ ಬಿಡುವ ಕರಪತ್ರವನ್ನು ಅವಳ ಕೈಯಲ್ಲಿಟ್ಟು, ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ ಬಂದರಂತೆ. ನಾನು ನಕ್ಕು ನಕ್ಕು ಗೋಡೆ ಹಿಡಿದುಕೊಂಡೆ.

ಮುಂದಿನ ಶುಕ್ರವಾರ ಹೇಮಾಕ್ಷಿ ಆಮೆನ್ ಹೇಳಲೇ ಇಲ್ಲ. ಚಹಾ ಆರಿತು, ಗೋಳಿಬಜೆ ತಣ್ಣಗಾಯಿತು, ಅವಳು ಸುಳ್ಳು ಸಾಕ್ಷಿಯ ಬಗ್ಗೆ ಮೋಶೆಯಿಂದ ಹಿಡಿದು ಹೇಳುತ್ತಲೇ ಹೋದಳು. ಮುಗಿಯುವ ಮೊದಲೇ ನಾನೂ ಶುರು ಮಾಡಿದೆ. ಇಬ್ಬರೂ ಕಣ್ಣು ಮುಚ್ಚಿಕೊಂಡೇ ಎದ್ದು ನಿಂತಿದ್ದೆವು ಎಂದು ಆಮೇಲೆ ಗುಲಾಬಿ ಹೇಳಿದಳು. ಅವಳು ಪ್ರಾರ್ಥನೆಗೆ ಯಾವಾಗಲೂ ಒಂದೇ ಕಣ್ಣು ಮುಚ್ಚುವುದು.

"ಸಾಕು ಮಾಡ್ರಿ!" ಎಂದರು ಅಯ್ಯನವರು. ಅಷ್ಟರಲ್ಲಿ ಯಾರೋ ಅವರ ಕಿವಿಯಲ್ಲಿ ಗುಂಡು ಎಂದರೆ ಏನೆಂದು ಹೇಳಿದ್ದರು, ಅವರ ಮುಖ ಕೆಂಪಗಾಗಿತ್ತು. "ಪ್ರಾರ್ಥನಾ ಮಾಡೂವಾಗ ನಿನ್ನ ಕೋಣಿಗೆ ಹೋಗಿ ಬಾಗಿಲಾ ಹಾಕ್ಕೊ ಅಂತ ಕರ್ತಾನ ಹೇಳ್ಯಾನ. ಇನ್ನ ಮ್ಯಾಲ ಈ ಕೂಟದಾಗ ಎಲ್ಲಾರೂ ಮೌನ ಪ್ರಾರ್ಥನಾ. ಬಾಯಿ ತೆರೆಯೂದು ವಚನ ಓದಲಿಕ್ಕೆ ಮಾತ್ರ, ಅದೂ ಸರದಿ ಮ್ಯಾಲೆ."

ಮೊದಲು ನನಗೆ ಖುಷಿಯೇ ಆಯಿತು. ಅವಳ ಬಾಯಿ ಮುಚ್ಚಿತಲ್ಲ! ಎರಡು ಶುಕ್ರವಾರ ಕಳೆಯುವಷ್ಟರಲ್ಲಿ ಊಟ ಸೇರದಾಯಿತು. ವಾರವಿಡೀ ಏನೇ ಆದರೂ, ಶುಕ್ರವಾರ ಇದನ್ನು ಅವಳ ಎದುರು ದೇವರಿಗೆ ಹೇಳಬೇಕು ಎಂದು ಜೋಡಿಸಿಡುತ್ತಿದ್ದೆ. ಹೇಳುವುದು ಯಾರಿಗೆ? ಅಲ್ಲಿ ಕೂತರೆ ಫ್ಯಾನಿನ ಶಬ್ದ ಮಾತ್ರ. ಎದುರಿಗೆ ಹೇಮಾಕ್ಷಿ ಬಾಡಿದ ಮುಖ ಹಾಕಿಕೊಂಡು ಕೂತಿದ್ದಳು. ಸೋತ ಮುಖ ಎಂದುಕೊಂಡೆ, ಸ್ವಲ್ಪ ಹೆಮ್ಮೆಯೂ ಪಟ್ಟೆ.

ಮೂರನೆಯ ಶುಕ್ರವಾರ ಓದುವ ಸರದಿ ಅವಳದ್ದು. ಎದ್ದು ಮತ್ತಾಯನ ಇಪ್ಪತ್ತನಾಲ್ಕನೆಯ ಅಧ್ಯಾಯ ತೆಗೆದಳು. ಕರ್ತನು ಬರುವ ದಿನ ಇಬ್ಬರು ಹೆಂಗಸರು ಕಲ್ಲಿನ ಮುಂದೆ ಕೂತು ಬೀಸುತ್ತಿರುವರು, ಒಬ್ಬಳನ್ನು ಕರೆದುಕೊಳ್ಳುವನು, ಇನ್ನೊಬ್ಬಳನ್ನು ಬಿಡುವನು. ಅಷ್ಟು ಓದಿ ನನ್ನನ್ನೇ ನೋಡಿದಳು. ಇನ್ನೊಮ್ಮೆ ಅದೇ ವಚನ ಓದಿದಳು, ಬೈಬಲ್ ಮುಚ್ಚಿ ಕೂತಳು.

ನನ್ನ ಮೈ ಉರಿಯಿತು. ಅಂದರೆ ಇವಳು ಸ್ವರ್ಗಕ್ಕೆ, ನಾನು ಇಲ್ಲಿಯೇ ಕೊಳೆಯುವುದಕ್ಕೆ! ನನಗೆ ತಿರುಗಿ ಕೊಡಲು ಬಾಯಿಯಿಲ್ಲ, ನನ್ನ ಸರದಿ ಬರಲು ಇನ್ನೂ ಎಷ್ಟೋ ವಾರ. ಚಹಾ ಕುಡಿಯದೆ ಎದ್ದು ಬಂದೆ.

ಭಾನುವಾರ ಆರಾಧನೆ ಮುಗಿದ ಮೇಲೆ ಚರ್ಚಿನ ಮೆಟ್ಟಿಲಲ್ಲಿ ಗುಲಾಬಿ ನನ್ನ ಸೆರಗು ಎಳೆದಳು.

"ರೊಸಾಲಿನಕ್ಕ, ಇದು ನಾನು ಯಾರಿಗೂ ಹೇಳ್ಳಿಕ್ಕಿಲ್ಲ ಅಂತ ಆಣೆ ಹಾಕಿದ್ದೇನೆ. ಹೇಳುವುದಲ್ಲ ಇದು, ಪ್ರಾರ್ಥನಾ ವಿಷಯ ಮಾತ್ರ. ಹೇಮಾಕ್ಷಿಯಕ್ಕನಿಗೆ ಹಾರ್ಟಿನ ವಾಲ್ವ್ ಹೋಗಿದೆಯಂತೆ. ಬುಧವಾರ ಕಂಕನಾಡಿಯಲ್ಲಿ ಆಪರೇಷನ್. ಸೈನ್ ಹಾಕ್ಲಿಕ್ಕೆ ಮನೆಯವರು ಯಾರು ಅಂತ ಡಾಕ್ಟರ್ ಕೇಳಿದ್ರೆ, ಯಾರೂ ಇಲ್ಲ, ನಾನೇ ಹಾಕ್ತೇನೆ ಅಂದ್ರಂತೆ ಮಾರಾಯ್ತಿ."

ನಾನು ಮೆಟ್ಟಿಲಲ್ಲಿಯೇ ಕೂತುಬಿಟ್ಟೆ. ಮನೆಯವರು ಯಾರೂ ಇಲ್ಲವಂತೆ! ನಾನೇನು ಸತ್ತಿದ್ದೇನಾ? ಸಿಟ್ಟು ಬಂತು, ಅದರ ಹಿಂದೆಯೇ ಆ ವಚನ ನೆನಪಾಯಿತು. ಒಬ್ಬಳನ್ನು ಕರೆದುಕೊಳ್ಳುವನು. ಅದು ಬೈಗುಳವಾಗಿರಲಿಲ್ಲ, ಅವಳು ನನಗೆ ಸುದ್ದಿ ಹೇಳಿದ್ದಳು. ಪ್ರಾರ್ಥನೆ ಬಂದ್ ಆಗಿತ್ತು, ಉಳಿದಿದ್ದದ್ದು ಓದುವ ಸರದಿ ಒಂದೇ. ಅದರಲ್ಲಿಯೇ ಎರಡೆರಡು ಸಲ ಹೇಳಿದರೂ ಈ ಮಂಡೆಗೆ ಹೋಗಲಿಲ್ಲ.

ಆ ಸಂಜೆ ಅಯ್ಯನವರು ಹೇಳಿದಂತೆ ಕೋಣೆಯ ಬಾಗಿಲು ಹಾಕಿಕೊಂಡು ಮೌನವಾಗಿ ಪ್ರಾರ್ಥಿಸಲು ಕೂತೆ. ಒಂದು ಶಬ್ದವೂ ಹೊರಡಲಿಲ್ಲ. ಎದುರಿಗೆ ಅವಳು ಕೂತು ಮೂಗು ಮುರಿಯದಿದ್ದರೆ ನನಗೆ ದೇವರೊಡನೆ ಮಾತಾಡಲೂ ಬರುವುದಿಲ್ಲ ಎಂದು ಆಗ ಗೊತ್ತಾಯಿತು. ತುಂಬ ಹೆದರಿಕೆಯಾಯಿತು, ಅತ್ತುಬಿಟ್ಟೆ.

ಸೋಮವಾರ ಬೆಳಿಗ್ಗೆ ಆಟೋದ ಯೂಸುಫನನ್ನು ಕರೆದೆ. ನನ್ನ ಮೊಣಕಾಲು ಹಿಡಿದ ಮೇಲೆ ನನ್ನನ್ನು ಎಲ್ಲ ಕಡೆ ಕರೆದುಕೊಂಡು ಹೋಗುವವನು ಅವನೇ.

"ಬಾಡಿಗೆ ಎಲ್ಲಿಗೆ ಬಾಯಮ್ಮ?" ಅಂದ.

"ಕುಲಶೇಖರಕ್ಕೆ. ಈ ಕಲ್ಲೂ ಉಂಟು."

ಯೂಸುಫ್ ಜಗಲಿಯ ಕಲ್ಲನ್ನು ನೋಡಿದ, ನನ್ನನ್ನು ನೋಡಿದ. "ನಿಮ್ಗೆ ಎಂತ ಆಗಿದೆ? ಇದು ಆಟೋ, ಲಾರಿ ಅಲ್ಲ." ಆದರೂ ಪಕ್ಕದ ಮನೆಯವರನ್ನು ಕರೆದು ಎತ್ತಿಸಿದ. ಕಲ್ಲನ್ನು ಕಾಲ ಬಳಿ ಇಟ್ಟು, ನಾನು ಸೀಟಿನ ಮೇಲೆ ಕಾಲು ಮಡಚಿಕೊಂಡು ಕೂತೆ. ಆಟೋ ಒಂದು ಬದಿಗೆ ವಾಲಿಕೊಂಡೇ ಕಂಕನಾಡಿ ದಾಟಿತು, ನಂತೂರಿನ ಸರ್ಕಲಿನಲ್ಲಿ ಬಸ್ಸಿನವನಿಂದ ಬೈಸಿಕೊಂಡಿತು, ಬಿಕರ್ನಕಟ್ಟೆಯ ಏರಿನಲ್ಲಿ ನಿಂತೇ ಹೋಯಿತು. ಯೂಸುಫ್ ದಾರಿಯುದ್ದಕ್ಕೂ ತನ್ನ ಭಾಷೆಯಲ್ಲಿ ಏನೋ ಗೊಣಗುತ್ತಿದ್ದ. ಪ್ರಾರ್ಥನೆಯೋ ಬೈಗುಳವೋ ನಾನು ಕೇಳಲಿಲ್ಲ. ಎರಡೂ ಒಂದೇ ಆಗಿರಲು ಸಾಧ್ಯ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಪುಣ್ಯಕ್ಕೆ ಹೇಮಾಕ್ಷಿಯದ್ದು ನೆಲಮಹಡಿ. ಯೂಸುಫ್ ಮತ್ತು ವಾಚ್‌ಮನ್ ಸೇರಿ ಕಲ್ಲು ಹಿಡಿದುಕೊಂಡು ನನ್ನ ಹಿಂದೆ ಬಂದರು. ಬೆಲ್ ಒತ್ತಿದೆ. ಬಾಗಿಲು ತೆರೆಯಿತು. ಎಷ್ಟು ಇಳಿದುಹೋಗಿದ್ದಳು! ಶುಕ್ರವಾರದ ದೀಪದಲ್ಲಿ ನಾನು ಅದನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ಮಾತಾಡಬೇಕೆಂದು ಬಾಯಿ ತೆರೆದರೆ ಒಂದೂ ಬರಲಿಲ್ಲ. ಅಭ್ಯಾಸವೇ ಇಲ್ಲವಲ್ಲ. ಹೊಸ್ತಿಲಲ್ಲಿಯೇ ಕಣ್ಣು ಮುಚ್ಚಿ ಕೈ ಜೋಡಿಸಿದೆ.

"ಪರಲೋಕದಲ್ಲಿರುವ ತಂದೆಯೇ, ಈ ಬಾಗಿಲು ತೆರೆದವಳಿಗೆ ಬುದ್ಧಿ ಕೊಡು. ಆಪರೇಷನ್ ಇಟ್ಟುಕೊಂಡು ಗುಲಾಬಿಗೆ ಹೇಳ್ತಾಳೆ, ನನಗೆ ಹೇಳುವುದಿಲ್ಲ. ಮನೆಯವರು ಯಾರೂ ಇಲ್ಲ ಅಂತ ಡಾಕ್ಟರಿನ ಹತ್ತಿರ ಸುಳ್ಳು ಹೇಳಿದ್ದಾಳೆ."

ಆಮೇಲೆ ಎದುರಿನಿಂದ ಅವಳ ಸ್ವರ ಬಂತು.

"ಪ್ರೀತಿಯುಳ್ಳ ತಂದೆಯೇ, ನಾನು ಹೇಳಿದ್ದೆ. ಸಭೆಯ ಮುಂದೆ ನಿಂತು ಎರಡು ಸಲ ಓದಿ ಹೇಳಿದ್ದೆ. ಕಿವಿ ಇರುವವರು ಕೇಳಬೇಕಿತ್ತು."

"ತಂದೆಯೇ, ನಾನು ಅದನ್ನು ಬೈಗುಳ ಅಂತ ತಿಳಿದೆ."

"ತಂದೆಯೇ, ಅರ್ಧ ಬೈಗುಳವೂ ಹೌದು." ಸ್ವರ ಸಣ್ಣಗಾಯಿತು. "ಉಳಿದ ಅರ್ಧ ಹೆದರಿಕೆ. ನನಗೆ ತುಂಬಾ ಹೆದರಿಕೆ ಆಗ್ತಾ ಉಂಟು ತಂದೆಯೇ."

"ನನಗೂ, ತಂದೆಯೇ."

ಆಮೆನ್ ಹೇಳಿದರೆ ಕಣ್ಣು ತೆರೆಯಬೇಕು, ಕಣ್ಣು ತೆರೆದರೆ ಮುಖ ನೋಡಬೇಕು. ಅವಳೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಇಬ್ಬರೂ ಹಾಗೆಯೇ ಮೂಗು ಎಳೆಯುತ್ತಾ ನಿಂತಿದ್ದೆವು.

"ಆಮೀನ್!" ಎಂದು ಹಿಂದಿನಿಂದ ಯೂಸುಫ್ ಕಿರುಚಿದ. "ಆಮೀನ್, ಆಮೀನ್! ಕೈ ಬಿದ್ದು ಹೋಗ್ತದೆ ಮಾರಾಯ್ರೆ, ಇದನ್ನು ಎಲ್ಲಿ ಇಡುವುದು ಹೇಳಿ!"

ಕಣ್ಣು ತೆರೆಯಲೇ ಬೇಕಾಯಿತು.

ಕಲ್ಲು ಅಡುಗೆಮನೆಯ ನೆಲ ಸೇರಿತು. ಬಾಗಿಲಿಗೆ ಅಡ್ಡವಿದ್ದ ಗುಂಡನ್ನು ತಂದು ತೊಳೆದು ಹೊಂಡದಲ್ಲಿ ಕೂರಿಸಿದೆ. ಸರಿಯಾಗಿ ಕೂತಿತು. ಬಂದರಿನಿಂದ ಬಂದ ಮೀನಿನವಳ ಹತ್ತಿರ ಬಂಗುಡೆ ಕೊಂಡು, ತೆಂಗಿನಕಾಯಿ ತುರಿದು, ಮೆಣಸು ಹುರಿದು ಕಡೆಯಲು ಕೂತೆ. ಹೇಮಾಕ್ಷಿಯನ್ನು ತಿರುಗಿಸಲು ಬಿಡಲಿಲ್ಲ. ಅವಳು ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಬಗ್ಗಿ, ಬೆರಳಿನಿಂದ ಮಸಾಲೆಯನ್ನು ಹೊಂಡಕ್ಕೆ ದೂಡುತ್ತಿದ್ದಳು.

"ಹೇಮಾ, ಹುಳಿ ಸಾಕಾ?" ಎಂದು ಕೇಳಿದೆ. ಅಷ್ಟು ವರ್ಷದ ಮೇಲೆ ನಾನು ಅವಳೊಡನೆ ನೇರವಾಗಿ ಆಡಿದ ಮೊದಲ ಮಾತು ಹುಳಿಯದ್ದು.

ಅವಳು "ಗುಂಡು ಸ್ವಲ್ಪ ನಿಧಾನ ತಿರುಗಿದರೆ ಒಳ್ಳೆಯದಿತ್ತು" ಎಂದು ಗೋಡೆಗೆ ಹೇಳಿದಳು. ಹಠಮಾರಿ ಅಂದರೆ ಹಠಮಾರಿ! ನಾನು ಮದುವೆಯಾಗಿ ಬಂದ ದಿನದಿಂದ ಆ ಜಗಳದ ದಿನದ ತನಕ ಅವಳು ಬಾಯಿತುಂಬ ನನ್ನನ್ನು ಅತ್ತಿಗೆ ಎಂದು ಕರೆಯುತ್ತಿದ್ದಳು. ಈಗ ಅದೊಂದು ಶಬ್ದ ಬಿಟ್ಟು ಉಳಿದದ್ದೆಲ್ಲ ಬರುತ್ತಿತ್ತು.

ಸಾರು ಉಂಡೆವು. ಅತ್ತೆಯದ್ದೇ ರುಚಿ. ಇಬ್ಬರೂ ಸ್ವಲ್ಪ ಅತ್ತೆವು, ಮೆಣಸು ಖಾರ ಎಂದು ಹೇಳಿಕೊಂಡೆವು. ಹೊರಡುವಾಗ ನಾನು ಗುಂಡನ್ನು ತೊಳೆದು, ಒರೆಸಿ, ನನ್ನ ಚೀಲಕ್ಕೆ ಹಾಕಿಕೊಂಡೆ.

ಹೇಮಾಕ್ಷಿ ಬಾಗಿಲಿಗೆ ಅಡ್ಡ ನಿಂತಳು. "ಧರ್ಮೋಪದೇಶಕಾಂಡ, ಇಪ್ಪತ್ತನಾಲ್ಕು, ಆರು!" ಎಂದಳು. "ಮೇಲಿನ ಕಲ್ಲನ್ನು ಒತ್ತೆ ತಗೊಳ್ಳಬಾರದು. ಅದು ಜೀವವನ್ನೇ ಒತ್ತೆ ತಗೊಂಡ ಹಾಗೆ."

"ಗೊತ್ತುಂಟು," ಎಂದೆ. "ಅದಕ್ಕೇ ತಗೊಂಡು ಹೋಗುವುದು. ಬೇಕಾದರೆ ಆಪರೇಷನ್ ಮುಗಿಸಿ ಬಂದು ಬಿಡಿಸಿಕೊ."

ಅವಳು ಬಾಗಿಲು ಬಿಟ್ಟು ಸರಿದಳು.

ಬುಧವಾರ ಕಂಕನಾಡಿಯ ಆಸ್ಪತ್ರೆಯಲ್ಲಿ ಸೈನ್ ಹಾಕಿದ್ದು ನಾನು. ಅಯ್ಯನವರೂ ಬಂದು ನನ್ನ ಪಕ್ಕದಲ್ಲಿ ಕೂತರು. ಇಡೀ ದಿನ ಇಬ್ಬರೂ ಮೌನವಾಗಿಯೇ ಪ್ರಾರ್ಥಿಸಿದೆವು. ನನ್ನ ಮಡಿಲಲ್ಲಿ ಚೀಲವಿತ್ತು, ಚೀಲದಲ್ಲಿ ಗುಂಡು. ಆಪರೇಷನ್ ಆಗಿದೆ, ಇನ್ನು ಎಚ್ಚರವಾಗಬೇಕು ಎಂದು ಡಾಕ್ಟರ್ ಹೇಳಿ ಹೋದರು. ಎಚ್ಚರವಾಗಲಿಲ್ಲ. ಗುರುವಾರ ಬೆಳಗಾಯಿತು, ಮಧ್ಯಾಹ್ನವಾಯಿತು. ನಾನು ಅದೇ ಬೆಂಚಿನಲ್ಲಿ ಗುಂಡನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದೆ. ಕೈ ಜೋಮು ಹಿಡಿದಿತ್ತು, ಬಿಡಲು ಧೈರ್ಯವಾಗಲಿಲ್ಲ.

ಸಂಜೆಯ ಹೊತ್ತಿಗೆ ಐಸಿಯುವಿನ ಬಾಗಿಲು ತೆರೆದು ಕೇರಳದ ಸಿಸ್ಟರ್ ಒಬ್ಬಳು ಹೊರಗೆ ಬಂದಳು. ಮುಖದಲ್ಲಿ ಗೊಂದಲ.

"ಹೇಮಾಕ್ಷಿಯ ಕಡೆಯವರು ಯಾರು? ಪೇಷೆಂಟ್ ಎಚ್ಚರ ಆಯ್ತು. ಆದ್ರೆ ಎದ್ದ ಕೂಡ್ಲೆ ಗುಂಡು ಕೇಳ್ತಾ ಇದ್ದಾರೆ. ಕುಡಿಯುವ ಅಭ್ಯಾಸ ಉಂಟಾ ಅವರಿಗೆ? ಫೈಲಿನಲ್ಲಿ ಬರೀಲಿಲ್ಲ ಅಲ್ವಾ?"

"ಅಯ್ಯೋ ಸಿಸ್ಟರ್, ಆ ಗುಂಡಲ್ಲರೀ!" ಅಯ್ಯನವರು ಗಾಬರಿಯಿಂದ ಎದ್ದು ನಿಂತರು. "ಕಲ್ಲು, ಕಲ್ಲು!"

"ಕಳ್ಳು?" ಸಿಸ್ಟರ್ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಈ ಪ್ರಾಯದಲ್ಲಿ ಕಳ್ಳು ಕುಡಿಯುವುದಾ?"

ನನಗೆ ನಗು ಬಂತು, ಅಳು ಬಂತು, ಎರಡೂ ಒಟ್ಟಿಗೆ ಬಂದು ಕೆಮ್ಮು ಹತ್ತಿತು. "ಸಿಸ್ಟರ್, ಅವಳು ಸರಿಯಾಗಿ ಹೇಳಿದ್ದು ಎಂತ? ಅವಳು ಹೇಳಿದ ಹಾಗೆಯೇ ಹೇಳಿ."

"ಅತ್ತಿಗೆ ಹತ್ರ ಗುಂಡು ಉಂಟು, ತರ್ಲಿಕ್ಕೆ ಹೇಳಿ ಅಂದ್ರು."

"ಯಾರ ಹತ್ರ?"

"ಅತ್ತಿಗೆ ಹತ್ರ."

ಇನ್ನೊಮ್ಮೆ ಹೇಳಿಸಿದೆ. ಸಿಸ್ಟರ್ ಅಯ್ಯನವರ ಮುಖ ನೋಡಿದಳು. ಅವರು ಕಣ್ಣು ಮುಚ್ಚಿ, ಆಸ್ಪತ್ರೆಯೆಂಬುದನ್ನೂ ಮರೆತು, ಎಲ್ಲರಿಗೂ ಕೇಳುವಷ್ಟು ಜೋರಾಗಿ "ಸ್ತೋತ್ರ ತಂದೆಯೇ!" ಎನ್ನುತ್ತಿದ್ದರು.

ನಾನು ಗುಂಡನ್ನು ಚೀಲಕ್ಕೆ ಹಾಕಿ ಬಾಯಿ ಕಟ್ಟಿದೆ.

"ಅತ್ತಿಗೆ ಕೊಡುವುದಿಲ್ಲ ಅಂದ್ರು ಅಂತ ಹೇಳಿ ಅವಳಿಗೆ," ಎಂದೆ. "ಬೇಕಾದ್ರೆ ಎದ್ದು ನಡೆದು ಬಂದು ಬಿಡಿಸಿಕೊಳ್ಳಲಿ."